ಬೀಡಿಯ ಬೆಂಕಿ, ಕ್ಯಾಂಪಿನ ಪಾಠ

1830ರ ಜನವರಿ. ಖಾನಾಪುರ ಸೀಮೆಯ ಬೀಡಿಯಲ್ಲಿ ಕಂಪನಿ ಸರ್ಕಾರದ ಕಚೇರಿಗೆ ಸಂಗೊಳ್ಳಿ ರಾಯಣ್ಣನ ಮಂದಿ ಬೆಂಕಿ ಹಚ್ಚಿದರು. ಯಾರ ಹೊಲ ಎಷ್ಟು ಕೂರಿಗೆ, ಯಾರ ಕಂದಾಯ ಎಷ್ಟು ಬಾಕಿ ಎಂಬ ಲೆಕ್ಕವೆಲ್ಲ ಇರುತ್ತಿದ್ದುದು ಇಂಥ ಕಚೇರಿಗಳ ದಫ್ತರದಲ್ಲೇ. ದಫ್ತರ ಸುಟ್ಟರೆ ವಸೂಲಿಗೆ ಬಂದವನ ಕೈಯಲ್ಲಿ ಏನೂ ಉಳಿಯದು. ಇಂದು ರಕ್ಷಣಾ ತಜ್ಞರು ಅಸಾಂಪ್ರದಾಯಿಕ ಯುದ್ಧ, ಹೈಬ್ರಿಡ್ ಯುದ್ಧ ಎಂದೆಲ್ಲ ಪುಟಗಟ್ಟಲೆ ಬರೆಯುವ ವಿದ್ಯೆಯ ಒಳ್ಳೆಯ ಪಾಲು ಆ ಒಂದು ಬೆಂಕಿಯಲ್ಲಿತ್ತು. ಅದೇ ಜಿಲ್ಲೆಯ ಬೆಳಗಾವಿ ಕ್ಯಾಂಪಿನಲ್ಲಿ ಇಂದು ನಮ್ಮ ಸೇನೆ ಅಂಥ ಯುದ್ಧ ಮಾಡುವುದನ್ನೂ ತಡೆಯುವುದನ್ನೂ ಕಲಿಸುತ್ತದೆ. ಬೀಡಿಯಿಂದ ಕ್ಯಾಂಪಿನವರೆಗಿನ ದಾರಿ ಅಷ್ಟೇನೂ ನೇರವಾಗಿಲ್ಲ.

ಈ ಸೀಮೆ ಇಂಥ ಯುದ್ಧದ ರುಚಿ ಕಂಡದ್ದು ಇನ್ನೂ ಮೊದಲೇ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ ಉಭಯಲೋಕಗಳ ಒಡೆಯ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡು, ಧಾರವಾಡ–ಬೆಳಗಾವಿಯ ಬಯಲಲ್ಲೆಲ್ಲ ಕುದುರೆ ಓಡಿಸಿದ. ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ. 1800ರ ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನ ಬಿಡಾರ ವೆಲ್ಲೆಸ್ಲಿಯ ಕೈಗೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಕೋನಗಲ್ ಬಳಿ ಧೋಂಡಿಯಾ ಸತ್ತ. ಹದಿನೈದು ವರ್ಷದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನ ಸೊಕ್ಕು ಮುರಿದವನು ಇದೇ ವೆಲ್ಲೆಸ್ಲಿ. ಓಡುವ ಶತ್ರುವಿನ ಹಿಂದೆ ಎತ್ತು, ದವಸ, ಮೇವು ಹೊಂದಿಸಿಕೊಂಡು ಓಡುವುದು ಹೇಗೆಂದು ಅವನು ಕಲಿತದ್ದು ನಮ್ಮ ಎರೆಭೂಮಿಯ ಕೆಸರಿನಲ್ಲಿ.

ಧೋಂಡಿಯಾನದು ಬಯಲ ಯುದ್ಧ, ರಾಯಣ್ಣನದು ಕಾಡಿನದು. ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ, ಅಂದರೆ ಚಾಕರಿಗೆ ಪ್ರತಿಯಾಗಿ ಇನಾಮು ಹೊಲ ಉಣ್ಣುವವನು. 1824ರ ಅಕ್ಟೋಬರ್ 23ರಂದು ಕಂಪನಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ಪಾಲಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದಳು. ಅಷ್ಟರಲ್ಲಿ ಇನಾಮು ಹೊಲಗಳ ಮೇಲೆ ಕಂಪನಿಯ ಕಣ್ಣು ಬಿದ್ದಿತ್ತು. ರಾಯಣ್ಣನ ಹೊಲಕ್ಕೂ ಕುತ್ತು ಬಂತು, ಅವನಂಥ ಎಷ್ಟೋ ಮಂದಿಯ ಹೊಲಕ್ಕೂ. ಅವನ ಬೆನ್ನಿಗೆ ನಿಂತ ದಂಡು ಇಂಥವರಿಂದಲೇ ಕಟ್ಟಿದ್ದು. ಚೆನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಬೇಕೆಂಬ ಮಾತು ಆ ದಂಡಿಗೆ ಧ್ವಜವಾಯಿತು. ಹೊಟ್ಟೆಯ ಸಿಟ್ಟಿಗೆ ಗಾದಿಯ ಹೆಸರು ಕೂಡಿದರೆ ಬಂಡಾಯಕ್ಕೆ ಎಂಥ ಬಲ ಬರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಜಾಗವೂ ಒದಗಿಬಂತು. ಖಾನಾಪುರದಿಂದ ಪಡುವಣಕ್ಕೆ ಹೋದಂತೆ ಜಾಂಬೋಟಿ, ಕಣಕುಂಬಿ, ಭೀಮಗಡ. ಮಳೆಗಾಲದಲ್ಲಿ ಹತ್ತು ಹೆಜ್ಜೆ ಮುಂದಿನವನು ಕಾಣದ ಮಂಜು, ಕಾಲಿಗೇರುವ ಇಂಬಳ, ಹಳ್ಳ ಏರಿತೆಂದರೆ ಹೊರಜಗತ್ತೇ ಇಲ್ಲದ ಹಳ್ಳಿ. ಅದರಾಚೆ ಆಗಿನ ಪೋರ್ಚುಗೀಸರ ಗೋವೆ. ಮೇಲಿಂದ ಇಳಿದು ಹೊಡೆದು ಮತ್ತೆ ಮರೆಯಾಗುವವನನ್ನು ತೋಪಿನಿಂದ ಹಿಡಿಯಲಾಗದು.

ಕಂಪನಿಯೂ ತೋಪು ನೆಚ್ಚಿ ಕೂರಲಿಲ್ಲ. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದ ರಾಯಣ್ಣನನ್ನು ಹಿಡಿದುಕೊಟ್ಟವರು ಅವನ ಸೀಮೆಯ ಗೌಡರೇ. ಲಾವಣಿಕಾರರು ಆ ಗೌಡರನ್ನು ಹೆಸರು ಹಿಡಿದು ಇಂದಿಗೂ ಬೈಯುತ್ತಾರೆ. ಬೈಗುಳ ನ್ಯಾಯವೇ. ಆದರೆ ಲಾವಣಿಯಲ್ಲಿ ಅದು ಬರೀ ದ್ರೋಹದ ಕತೆ. ನನಗೆ ಅದರಲ್ಲಿ ಲೆಕ್ಕಾಚಾರವೂ ಕಾಣುತ್ತದೆ. ಕಾಡಿನಲ್ಲಿರುವವನಿಗೆ ರೊಟ್ಟಿಯೂ ಸುದ್ದಿಯೂ ಬರುವುದು ಊರಿನಿಂದ. ಊರಲ್ಲಿ ನಾಲ್ಕು ಮನೆ ಒಡೆದರೆ ಸಾಕು, ಕಾಡಿಗೆ ದಂಡು ನುಗ್ಗಿಸುವ ತಾಪತ್ರಯವಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆ ಹೊತ್ತು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಸರ್ಕಾರದ ಕಡತದಲ್ಲಿ ಬಂಡುಕೋರನಾಗಿದ್ದವನು ಊರವರಿಗೆ ದೇವರಾದ.

ಬೆಳಗಾವಿ ಕ್ಯಾಂಪಿನ ಕತೆ ಬೇರೆ. 1818ರಲ್ಲಿ ಕಂಪನಿಯ ಮನ್ರೋ ಕೋಟೆ ಹಿಡಿದ ಮೇಲೆ ಬೆಳಗಾವಿ ದಂಡಿನ ಊರಾಯಿತು. 1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಬಂತು. ಜನರ ಬಾಯಲ್ಲಿ ಅದು ಮರಾಠಾ ಸೆಂಟರ್. ಸ್ವಾತಂತ್ರ್ಯದ ನಂತರ, ಮಹೂನ ಇನ್‌ಫೆಂಟ್ರಿ ಸ್ಕೂಲಿನ ಅಂಗವಾಗಿ ಇಲ್ಲಿ ಕಮಾಂಡೋ ತರಬೇತಿ ನೆಲೆಯೂರಿತು. ನಾಗಾ, ಮಿಜೋ ಬೆಟ್ಟಗಳಲ್ಲಿ ಬಂಡಾಯ ಎದುರಿಸಿದ ಸೇನೆಗೆ, ಸಣ್ಣ ತಂಡ ಕಟ್ಟಿಕೊಂಡು ಇರುಳಲ್ಲಿ ನಡೆದು ಹೊಡೆದು ಬರಬಲ್ಲ ಎಳೆಯ ಅಧಿಕಾರಿಗಳು ಬೇಕಿದ್ದರು. ಬೆನ್ನಿಗೆ ಪಿಟ್ಠು, ಕೈಯಲ್ಲಿ ರೈಫಲ್ಲು, ಮೈಲಿಗಟ್ಟಲೆ ಓಟ, ಹಗ್ಗದ ಮೇಲೆ ಹಳ್ಳ ದಾಟುವುದು, ನಿದ್ದೆಗೆಟ್ಟ ಇರುಳುಗಳು. ಇಂದಿಗೂ ಕಾಲಾಳು ಪಡೆಯ ಘಾತಕ್ ತುಕಡಿಗಳವರು ಪಳಗುವುದು ಇಲ್ಲೇ. 1999ರ ಆರಂಭದಲ್ಲಿ ಇಲ್ಲಿ ಕಮಾಂಡೋ ಕೋರ್ಸ್ ಮಾಡಿದವರಲ್ಲಿ ವಿಕ್ರಮ್ ಬಾತ್ರಾ ಒಬ್ಬರು. ಕೆಲವೇ ತಿಂಗಳಲ್ಲಿ, ಜುಲೈ 7ರಂದು, ಕಾರ್ಗಿಲ್‌ನ ಪಾಯಿಂಟ್ 4875 ಶಿಖರದಲ್ಲಿ ಮಡಿದರು. ಪರಮವೀರ ಚಕ್ರ ಬಂತು.

ಹೊರದೇಶಗಳೂ ಬಂದವು. 2008ರ ಡಿಸೆಂಬರ್‌ನಲ್ಲಿ, ಮುಂಬಯಿ ದಾಳಿಯ ಹೊಗೆ ಆರುವ ಮುನ್ನವೇ, ಚೀನಾದ ಸೈನಿಕರು ಬೆಳಗಾವಿಗೆ ಬಂದಿಳಿದು ನಮ್ಮವರ ಜೊತೆ ಭಯೋತ್ಪಾದನೆ ನಿಗ್ರಹದ ತಾಲೀಮು ನಡೆಸಿದರು. ಇಂದು ಓದಿದರೆ ನಂಬುವುದು ಕಷ್ಟ. ಮರುವರ್ಷ ಮಾಲ್ಡೀವ್ಸ್‌ನವರು, 2022ರಲ್ಲಿ ಜಪಾನಿನವರು ಬಂದರು. ಕಾಡಿನ ಜೊತೆಗೆ ಊರಂಚಿನ ಮನೆಗಳ ನಡುವಿನ ಕಾದಾಟವೂ ಜಪಾನಿನವರ ಜೊತೆಗಿನ ತಾಲೀಮಿನಲ್ಲಿತ್ತು.

ಆದರೆ ರಾಯಣ್ಣನ ಕತೆಯಲ್ಲಿ ಕಂಡಂತೆ ಊರು ಒಡೆಯದ ಹಾಗೆ ನೋಡಿಕೊಳ್ಳುವ ಕೆಲಸವನ್ನು ಕಮಾಂಡೋ ಮಾಡಲಾರ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಬಳಿ, ಮರಾಠಿ ಮಾತಾಡಲಿಲ್ಲವೆಂದು ಬಸ್ ಕಂಡಕ್ಟರ್ ಒಬ್ಬರಿಗೆ ಹೊಡೆದರು. ಮೊಬೈಲಿನಲ್ಲಿ ವಿಡಿಯೊ ಹರಿದಾಡಿತು, ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರಿಗೆ ಮಸಿ ಬಳಿದರು, ಎರಡೂ ರಾಜ್ಯಗಳ ನಡುವೆ ಬಸ್ ನಿಂತವು. ಅದು ಭಯೋತ್ಪಾದನೆಯಲ್ಲ, ಊರ ಜಗಳ. ಆದರೆ ಗಡಿಯ ಬಸ್ ನಿಲ್ಲಿಸಲು ಎಷ್ಟು ಸಾಕೆಂಬುದು, ನಮ್ಮ ಕೆಡುಕು ಬಯಸುವವರು ಯಾರಾದರೂ ಇದ್ದರೆ, ಅವರಿಗೂ ಕಂಡಿರುತ್ತದೆ. ಮುಂದಿನ ಸಲ ಇಂಥ ವಿಡಿಯೊ ಹೊತ್ತಿಕೊಂಡಾಗ ಮೊದಲು ಓಡಬೇಕಾದವನು ಠಾಣೆಯ ಪಿಎಸ್‌ಐ. ಎರಡೂ ಭಾಷೆ ಬಲ್ಲ ನಾಲ್ಕು ಹಿರಿಯರ ಫೋನ್ ನಂಬರ್ ಅವನ ಬಳಿ ಇರಬೇಕು.