ಸೂಕ್ತಿಗೆ ಸ್ವಂತ ಉತ್ತರ

ಅಮೆರಿಕದ ಎಷ್ಟೋ ಕಾಲೇಜುಗಳು ಪ್ರವೇಶ ಬಯಸುವವರಿಂದ ಅಂಕಪಟ್ಟಿಯ ಜೊತೆಗೆ ಒಂದು ಪ್ರಬಂಧವನ್ನೂ ಅಪೇಕ್ಷಿಸುತ್ತವೆ. 1975ರಲ್ಲಿ 15 ಕಾಲೇಜುಗಳು ಕೂಡಿ ಆರಂಭಿಸಿದ ‘ಕಾಮನ್ ಅಪ್ಲಿಕೇಷನ್’ ಎಂಬ ಸಮಾನ ಅರ್ಜಿಯಲ್ಲಿ ಇಂದು ಅದರ ಮಿತಿ 650 ಪದಗಳು. ಕೆಲವು ಕಾಲೇಜುಗಳು ಸೂಕ್ತಿಯೊಂದನ್ನು ಮುಂದಿಟ್ಟು, ಅದಕ್ಕೆ ವಿದ್ಯಾರ್ಥಿಯ ಪ್ರತಿಕ್ರಿಯೆಯೇನೆಂದು ಕೇಳುವುದೂ ಉಂಟು.

ಹಲವರು ಎಡವುವುದು ಇಲ್ಲಿಯೇ. ಸರಳ ಜೀವನವನ್ನು ಕುರಿತು ಲೇಖಕ ಥೋರೋ ಆಡಿದ ಮಾತೊಂದನ್ನು ಕೊಟ್ಟಿದ್ದಾರೆಂದು ಭಾವಿಸೋಣ. ಆತನು 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಎರಡು ವರ್ಷಕ್ಕೂ ಮಿಗಿಲಾಗಿ ವಾಸಿಸಿದ ವೃತ್ತಾಂತವನ್ನು ಒಬ್ಬ ವಿದ್ಯಾರ್ಥಿಯು ಸೊಗಸಾಗಿ ಬರೆಯುತ್ತಾನೆ. ಬರೆದುದೆಲ್ಲವೂ ನಿಜ, ಆದರೆ ಅರ್ಜಿ ಹಾಕಿದವನು ಥೋರೋ ಅಲ್ಲವಷ್ಟೆ! ಮತ್ತೊಬ್ಬಳಾದರೋ, ತಂದೆ ಕೆಲಸ ಕಳೆದುಕೊಂಡು ಮನೆ ಮಾರಿದಾಗ ಸಂಸಾರವೆಲ್ಲ ಒಂದೇ ಕೋಣೆಗೆ ಬಂದುದನ್ನು ನೆನೆಯುತ್ತಾಳೆ. ತಾನಾಗಿ ಆರಿಸಿಕೊಂಡ ಸರಳತೆಯೂ ಬಂದೊದಗಿದ ಬಡತನವೂ ಒಂದೇ ಅಲ್ಲವೆಂದು ಥೋರೋನೊಡನೆ ವಾದಕ್ಕಿಳಿಯುತ್ತಾಳೆ. ಸೂಕ್ತಿಯನ್ನು ಒಪ್ಪಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಓದುವ ಅಧಿಕಾರಿಯ ಮುಂದೆ ಅರ್ಜಿಗಳ ರಾಶಿಯೇ ಇರುತ್ತದೆ. ಮಲಗಿದ ತಮ್ಮನ ಕಣ್ಣಿಗೆ ಬೆಳಕು ಬೀಳದಂತೆ ದೀಪಕ್ಕೆ ಮರೆಯಿಟ್ಟು ಅವಳು ಓದಿದ ಆ ಕೋಣೆ ಅವನ ಕಣ್ಣಿಗೆ ಕಟ್ಟುತ್ತದೆ.