ಕುಕ್ಕರಹಳ್ಳಿ ಕೆರೆಯ ಪಕ್ಕದ ಗಂಗೋತ್ರಿ

ಡಿಗ್ರಿ ಫಲಿತಾಂಶ ಬಂದ ಮೇಲೆ ಮೈಸೂರಿನ ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ ಹಿಡಿದ ಮಗಳು. ಪಕ್ಕದಲ್ಲಿ, ಊರಿನಿಂದ ಮೊದಲ ಬಸ್ಸು ಹಿಡಿದು ಬಂದ ಅಪ್ಪ.

'ಎಂ.ಎಸ್ಸಿ. ಆದ್ಮೇಲೆ ಏನವ್ವ?'

'ರಿಸರ್ಚ್ ಮಾಡ್ತೀನಪ್ಪ.'

'ಅದ್ ಮಾಡುದ್ರೆ ಏನ್ ಬತ್ತದೆ?'

ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿ ಹೋದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರೆ, ಕಳೆದೇ ಹೋಯಿತೆಂದು ಲೋಕ ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದಾಗ ಭಾರತದ ಪ್ರಾಚೀನ ಚರಿತ್ರೆಯನ್ನೇ ಹೊಸದಾಗಿ ನೋಡಬೇಕಾಯಿತು. ಸಂಶೋಧನೆಯೆಂದರೆ ಇಷ್ಟೇ: ಎಲ್ಲರ ಕಣ್ಣಿಗೂ ಬೀಳಬಹುದಾಗಿದ್ದ ಕಟ್ಟನ್ನು ಒಬ್ಬರು ತಾಳ್ಮೆಯಿಂದ ಬಿಚ್ಚುವುದು. ಆ ಲೈಬ್ರರಿ ಮುಂದೆ ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ.

ಅಲ್ಲಿಯವರೆಗೆ ನಮ್ಮ ಹುಡುಗರು ಪದವಿಗಾಗಿ ಮದರಾಸಿನ ವಿಶ್ವವಿದ್ಯಾಲಯವನ್ನೇ ನಂಬಿಕೊಂಡಿದ್ದರು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಇದು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಡಾ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟರು. ಅವರು ಕಲ್ಕತ್ತೆಗೆ ಹೊರಟ ದಿನ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ವಿದ್ಯಾರ್ಥಿಗಳೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದದ್ದನ್ನು ಮೈಸೂರಿಗರು ಇಂದಿಗೂ ಹೇಳುತ್ತಾರೆ.

ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಅದರ ಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರು. ಅಲ್ಲೇ ಅಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, 1956ರಲ್ಲಿ ಕುಲಪತಿಯೂ ಆದರು. ಸ್ನಾತಕೋತ್ತರ ವಿಭಾಗಗಳಿಗೆ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ನೆಲೆ ಮಾಡಿ, ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಸುಮಾರು 700 ಎಕರೆಗೂ ಮಿಗಿಲಾದ ಈ ಆವರಣದೊಳಗೆ ಜಯಲಕ್ಷ್ಮೀವಿಲಾಸ ಅರಮನೆಯೂ ಇದೆ. ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯ. ಪ್ರಾಣಿಶಾಸ್ತ್ರದವರು ಡ್ರೊಸೊಫಿಲ ಎಂಬ ಪುಟ್ಟ ನೊಣದ ತಳಿಗಳನ್ನು ಸೀಸೆಗಳಲ್ಲಿ ಸಾಕಿ, ತಳಿವಿಜ್ಞಾನ ಕಲಿಯುವವರಿಗೆ ಒದಗಿಸುತ್ತಾರೆ. ಕನ್ನಡ ಅಧ್ಯಯನ ಸಂಸ್ಥೆಯಿಂದ ಕನ್ನಡ ವಿಶ್ವಕೋಶದ ಸಂಪುಟಗಳು ಬಂದವು. ನೊಣವೂ ನಿಘಂಟೂ ಒಂದೇ ಸೂರಿನಡಿ ಎಂದು ನಗಬೇಡಿ, ವಿಶ್ವವಿದ್ಯಾಲಯವೆಂದರೆ ಅದೇ.

ಒಟ್ಟು ಕುಟುಂಬದ ಹಾಗೆ ಇದೂ ಪಾಲಾಗುತ್ತ ಬಂದಿದೆ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬೇರೆ ಒಲೆ ಹೂಡಿದವು. ಅಂಚೆ ಮೂಲಕ ಪಾಠ ಹೇಳುತ್ತಿದ್ದ ವಿಭಾಗ 1996ರಲ್ಲಿ ಮುಕ್ತ ವಿಶ್ವವಿದ್ಯಾಲಯವಾಯಿತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಎಂ.ಎಸ್ಸಿ., ಎಂ.ಎ. ಮುಗಿಸಿ ಯು.ಜಿ.ಸಿ.ಯ ಎನ್.ಇ.ಟಿ. ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಿಟ್ಟಿಸಿದವರಿಗೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ ಶಿಷ್ಯವೇತನ ಸಿಗುತ್ತದೆ. 2023ರಲ್ಲಿ ಅದು 37,000 ರೂಪಾಯಿಗೆ ಏರಿತು. ಆದರೆ ಪರೀಕ್ಷೆ ಕಠಿಣ, ಸಿಗುವುದು ಕೆಲವರಿಗೆ ಮಾತ್ರ. ಉಳಿದವರ ಪಾಡು ಕಷ್ಟ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತರ ಜಾಗಗಳು ವರ್ಷಗಟ್ಟಲೆ ಖಾಲಿ ಉಳಿದು, ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರಿಂದಲೇ ನಡೆಯುತ್ತಿವೆ. ಕಾಯಂ ಅಧ್ಯಾಪಕರಿಲ್ಲದಿದ್ದರೆ ಪಿಎಚ್.ಡಿ.ಗೆ ಮಾರ್ಗದರ್ಶಕರೂ ಇಲ್ಲ. ಹೆಸರಿನ ಹಿರಿಮೆ ನೋಡಿ ಸೇರಿದ ಹುಡುಗಿಗೆ ಇದು ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಆದ್ದರಿಂದ ಅರ್ಜಿ ತುಂಬುವ ಮೊದಲು ವಿಭಾಗದ ಮೆಟ್ಟಿಲು ಹತ್ತಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಕಳೆದ ವರ್ಷ ಎಷ್ಟು ಜನರಿಗೆ ಜೆ.ಆರ್.ಎಫ್. ಬಂತು, ಹಾಸ್ಟೆಲ್ ಸಿಗುತ್ತದೆಯೇ ಎಂದು ಕೇಳಿ. ಕಚೇರಿಗಿಂತ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿರುವ ಎರಡನೇ ವರ್ಷದ ಹುಡುಗರೇ ಹೆಚ್ಚು ಬಿಚ್ಚಿ ಮಾತಾಡುತ್ತಾರೆ.