ಸಾರಲೇಖದ ಇಂಗ್ಲಿಷ್: ಕೆಲವು ಸಮೀಪಾರ್ಥಕ ಕ್ರಿಯಾಪದಗಳು

ಹೊರನಾಡಿನಲ್ಲಿ ಸಿದ್ಧವಾಗುವ ಕನ್ನಡ ಸಂಶೋಧನ ಪ್ರಬಂಧಗಳಿಗೆ ಇಂಗ್ಲಿಷ್ ಸಾರಲೇಖವನ್ನು ಸೇರಿಸುವುದು ವಾಡಿಕೆ. ಕನ್ನಡವನ್ನರಿಯದ ವಿದ್ವಾಂಸರಿಗೆ ಬಹುಮಟ್ಟಿಗೆ ಅದೊಂದೇ ಆಧಾರ. ಮೂಲದೊಡನೆ ಹೋಲಿಸಿ ನೋಡುವ ಅವಕಾಶ ಅವರಿಗಿಲ್ಲ. ಆದುದರಿಂದ ಅಲ್ಲಿ ಕ್ರಿಯಾಪದವೊಂದು ತಪ್ಪಿದರೆ ಮತವು ಸಾಕ್ಷ್ಯವಾಗಿಬಿಡುತ್ತದೆ. ಇಂತಹ ಎರಡು ಗುಂಪುಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲ ಗುಂಪು ‘ಇಂಪ್ಲೈ’ ಮತ್ತು ‘ಇನ್ಫರ್’. ಪಠ್ಯವು ನೇರವಾಗಿ ಹೇಳದೆ ಧ್ವನಿಸುವುದು ಇಂಪ್ಲೈ. ಸಾಕ್ಷ್ಯದಿಂದ ಓದುಗನು ನಿರ್ಣಯಕ್ಕೆ ಬರುವುದು ಇನ್ಫರ್. ಧ್ವನಿ, ಅನುಮಾನ ಎಂಬ ನಮ್ಮ ಶಾಸ್ತ್ರಪದಗಳು ಸರಿಸುಮಾರು ಈ ಭೇದವನ್ನೇ ಸೂಚಿಸುತ್ತವೆ. ಇವೆರಡರ ಗಡಿ ಹಳೆಯ ಚರ್ಚಾವಿಷಯವೂ ಹೌದು: 11ನೆಯ ಶತಮಾನದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಧ್ವನಿಯನ್ನು ಅನುಮಾನದಲ್ಲಿಯೇ ಅಡಗಿಸಲು ಯತ್ನಿಸಿದನು. ಆದರೆ ಇಂದಿನ ಕನ್ನಡದಲ್ಲಿ ‘ಅನುಮಾನ’ವೆಂದರೆ ಸಂಶಯ. ಪ್ರಬಂಧಗಳಲ್ಲಿ ಅದರ ಸ್ಥಾನಕ್ಕೆ ‘ಇದರಿಂದ ತಿಳಿದುಬರುತ್ತದೆ’ ಎಂಬ ಮಾತು ಬಂದಿದೆ. ತಿಳಿಸಿದವರು ಯಾರು, ತಿಳಿದವರು ಯಾರು ಎಂಬುದು ಈ ವಾಕ್ಯದಲ್ಲಿ ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃವನ್ನು ಗೊತ್ತುಪಡಿಸಲೇಬೇಕು.

‘ಕವಿರಾಜಮಾರ್ಗ’ವನ್ನು ನಿದರ್ಶನವಾಗಿ ನೋಡಬಹುದು. ಕೃತಿಯು ನೃಪತುಂಗದೇವನಿಗೆ ಅನುಮತವಾದುದೆಂದು ಅದರ ಪರಿಚ್ಛೇದಾಂತ್ಯಗಳೇ ಹೇಳುತ್ತವೆ. ಇಲ್ಲಿ ‘ಸ್ಟೇಟ್’ ಸಲ್ಲುತ್ತದೆ. ಕರ್ತೃ ನೃಪತುಂಗನಲ್ಲ, ಶ್ರೀವಿಜಯ ಎಂಬುದು ಇಂತಹ ಸಾಕ್ಷ್ಯಗಳಿಂದ ವಿದ್ವಾಂಸರು ತಲುಪಿದ ನಿರ್ಣಯ. ಇಲ್ಲಿ ‘ಇನ್ಫರ್’ ಸಲ್ಲುತ್ತದೆ. ಇದನ್ನೇ ‘ಕೃತಿಯು ಇಂಪ್ಲೈ ಮಾಡುತ್ತದೆ’ ಎಂದು ಬರೆದರೆ ವಿದ್ವಾಂಸರ ಹೊಣೆಯನ್ನು ಗ್ರಂಥದ ಮೇಲೆ ಹೊರಿಸಿದಂತಾಗುತ್ತದೆ.

ಎರಡನೆಯ ಗುಂಪು ‘ಡಿನೈ’, ‘ಡಿಸ್ಪ್ಯೂಟ್’, ‘ರೆಫ್ಯೂಟ್’. ನೃಪತುಂಗನು ಕರ್ತೃವಲ್ಲ ಎಂದಷ್ಟೇ ಹೇಳಿದರೆ ಡಿನೈ. ಎದುರು ವಾದವನ್ನು ಹೂಡಿದರೆ ಡಿಸ್ಪ್ಯೂಟ್. ಪೂರ್ವಪಕ್ಷವು ನಿಲ್ಲಲಾರದೆಂದು ಆಧಾರಸಹಿತ ತೋರಿಸಿಕೊಟ್ಟರೆ ಮಾತ್ರ ರೆಫ್ಯೂಟ್. ಶಾಸ್ತ್ರದ ‘ಖಂಡನೆ’ ಈ ಕೊನೆಯದು. ಪತ್ರಿಕಾಭಾಷೆಯಲ್ಲಿ ‘ಖಂಡಿಸು’ ಎಂದರೆ ಕೇವಲ ಟೀಕಿಸು ಎಂದಾಗಿದೆ; ಇಂಗ್ಲಿಷ್ ಪತ್ರಿಕೆಗಳಲ್ಲಿ ‘ರೆಫ್ಯೂಟ್’ ಕೂಡ ಹಾಗೆಯೇ ಸಡಿಲಗೊಂಡು ಡಿನೈ ಎಂಬರ್ಥದಲ್ಲಿ ಬಳಕೆಯಾಗುತ್ತಿದೆ. ಸಂಶೋಧನೆಯ ಬರಹದಲ್ಲಿ ಈ ಸಡಿಲಿಕೆ ಸಲ್ಲದು. ಒಬ್ಬರ ಮತವನ್ನು ಇನ್ನೊಬ್ಬರು ‘ರೆಫ್ಯೂಟ್’ ಮಾಡಿದರೆಂದು ಬರೆದೊಡನೆ, ವಿವಾದವು ಮುಗಿಯಿತೆಂಬ ತೀರ್ಪನ್ನು ನಾವೇ ಕೊಟ್ಟಂತಾಗುತ್ತದೆ.

ಸಾರಲೇಖವನ್ನು ಅಚ್ಚಿಗೆ ಕಳುಹಿಸುವ ಮುನ್ನ ಪ್ರತಿಯೊಂದು ಕ್ರಿಯಾಪದದ ಕರ್ತೃ ಪಠ್ಯವೋ, ಪೂರ್ವವಿದ್ವಾಂಸರೋ, ನಾವೋ ಎಂದು ಗುರುತಿಸಿಕೊಳ್ಳುವುದು ಲೇಸು.